ಮರೆಸುವ ಪೆಟ್ಟಿಗೆ

ಆ ಮನೆಯ ಸೊಸೆಗೆ ಒಂದು ಚಟವಿತ್ತು. ಇಸ್ಪೀಟಿನದ್ದಲ್ಲ, ನಶ್ಯದ್ದೂ ಅಲ್ಲ, ಒರೆಸುವ ಚಟ. ಕೈಯಲ್ಲೊಂದು ಬಟ್ಟೆ ಚೂರು ಇಲ್ಲದಿದ್ದರೆ ಅವಳಿಗೆ ಕೈಯೇ ಇಲ್ಲದ ಹಾಗೆ. ಬಾಗಿಲ ಹಿಡಿ, ದೀಪದ ಗುಂಡಿ, ಗೋಡೆ ಗಡಿಯಾರದ ಮುಳ್ಳು, ಯಾವುದನ್ನೂ ಬಿಟ್ಟವಳಲ್ಲ. ಹತ್ತು ನಿಮಿಷ ಅಲ್ಲಾಡದೆ ಕೂತರೆ ತನ್ನನ್ನೂ ಒರೆಸಿಬಿಡುತ್ತಾಳೆ ಎಂದು ಗಂಡ ಹೇಳುತ್ತಿದ್ದ, ಹೇಳಿ ಕೆಲಸಕ್ಕೆ ಓಡುತ್ತಿದ್ದ. ಇಂಥವಳಿಗೆ ಸಿಕ್ಕಿದ ಅತ್ತೆಯನ್ನು ನೋಡಿ: ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಿಪೇರಿ ಕೆಲಸ ಮಾಡಿ, ನಿವೃತ್ತರಾಗಿ ಬರುವಾಗ ಅಲ್ಲಿ ಬೇಡವೆಂದು ರಾಶಿ ಹಾಕಿದ್ದನ್ನೆಲ್ಲ ಕೇಳಿ ಪಡೆದು, ಅರ್ಧ ಎಕ್ಸ್‌ಚೇಂಜನ್ನೇ ಮನೆಗೆ ತಂದವರು.

ಹಿಂದಿನ ಕೋಣೆ ಪೂರ್ತಿ ಅತ್ತೆಯದು. ನೆಲದಿಂದ ಸೂರಿನವರೆಗೆ ಡಬ್ಬಿಗಳು, ತಂತಿ ಸುರುಳಿಗಳು, ಕೆಟ್ಟ ರೇಡಿಯೋಗಳು, ಬಾಗಿಲಿಲ್ಲದ ಒಂದು ಫ್ರಿಜ್ಜು, ಆ ಫ್ರಿಜ್ಜಿನೊಳಗೆ ಮತ್ತಷ್ಟು ಡಬ್ಬಿಗಳು. ಸೊಸೆ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದಳು, "ಇದನ್ನೆಲ್ಲ ಯಾವಾಗ ಎಸೀತೀರಿ ಅತ್ತೆ?"

"ಬೇಕಾಗುತ್ತೆ."

"ಯಾವಾಗ?"

"ಬೇಕಾದಾಗ."

ಹನ್ನೊಂದು ವರ್ಷದಿಂದ ಈ ಮಾತುಕತೆ ಒಂದಕ್ಷರ ಬದಲಾಗದೆ ನಡೆದುಬಂದಿತ್ತು. ಸೊಸೆ ಮೂಗು ಮುರಿದುಕೊಂಡು ಹೋಗುತ್ತಿದ್ದಳು, ಅತ್ತೆ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಜಗಳ ಎನ್ನುವಷ್ಟು ದೊಡ್ಡದಲ್ಲ, ಪ್ರೀತಿ ಎನ್ನುವಷ್ಟು ಹತ್ತಿರದ್ದೂ ಅಲ್ಲ.

ಇಬ್ಬರನ್ನೂ ಕಟ್ಟಿಹಾಕಿದ್ದು ಮುಂದಿನ ಕೋಣೆಯ ಹೆಣಿಗೆ ಯಂತ್ರ. ಅದರಲ್ಲಿ ತಯಾರಾಗುತ್ತಿದ್ದದ್ದು ನಾವು ನೀವು ಹಾಕುವ ಕಾಲುಚೀಲವಲ್ಲ. ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವರು ಕೃತಕ ಕಾಲು ತೊಡುವ ಮೊದಲು, ಉಳಿದ ಭಾಗಕ್ಕೆ ಒಂದು ಉಣ್ಣೆಯ ಚೀಲ ಹಾಕಿಕೊಳ್ಳಬೇಕು. ಅದಕ್ಕೆ ಹಿಮ್ಮಡಿಯಿಲ್ಲ, ಬೆರಳಿಲ್ಲ. ಮೇಲೆ ಅಗಲ, ಕೆಳಗೆ ಹೋಗುತ್ತ ಕಿರಿದು, ತುದಿ ದುಂಡಗೆ. ನೋಡುವುದಕ್ಕೆ ಏನೂ ಇಲ್ಲ. ಆದರೆ ಒಳಗೆ ಒಂದೇ ಒಂದು ಕುಣಿಕೆ ಗಂಟಾದರೂ ಸಂಜೆಯ ಹೊತ್ತಿಗೆ ಚರ್ಮ ಕಿತ್ತು ಹುಣ್ಣಾಗುತ್ತದೆ, ಹುಣ್ಣಾದರೆ ವಾರಗಟ್ಟಲೆ ಕಾಲು ತೊಡುವಂತಿಲ್ಲ. ಹದಿನೆಂಟು ಅಳತೆಯ ಚೀಲಗಳು. ಯಾವುದಕ್ಕೆ ಯಾವ ಸಾಲಿನಲ್ಲಿ ಎಷ್ಟು ಕುಣಿಕೆ ಇಳಿಸಬೇಕು ಎಂಬುದೆಲ್ಲ ಯಂತ್ರದ ನಿಯಂತ್ರಣ ಪೆಟ್ಟಿಗೆಯ ಒಂದು ಎಲೆಕ್ಟ್ರಾನಿಕ್ ಚಿಪ್ಪಿನಲ್ಲಿ ಬರೆದಿತ್ತು. ಯಂತ್ರ ಮಾಡಿದ ಕಂಪನಿ ಬಾಗಿಲು ಹಾಕಿ ಇಪ್ಪತ್ತು ವರ್ಷ ದಾಟಿತ್ತು. ಹೆಣೆಯುವುದು ಸೊಸೆಯ ಕೆಲಸ, ಯಂತ್ರಕ್ಕೆ ಜ್ವರ ಬಂದರೆ ನೋಡುವುದು ಅತ್ತೆಯ ಕೆಲಸ. ನಲವತ್ತೊಂದು ಜನ ಈ ಇಬ್ಬರನ್ನು ನಂಬಿಕೊಂಡು ನಡೆಯುತ್ತಿದ್ದರು, ನಿಜವಾಗಿಯೂ ನಡೆಯುತ್ತಿದ್ದರು.

ಅವರಲ್ಲೊಬ್ಬ ಅಂಚೆಯಣ್ಣ. ಎಡಗಾಲು ಕೃತಕ, ಆದರೂ ಆ ಬೀದಿಯ ಟಪಾಲು ಅವನೇ ಹಂಚುತ್ತಿದ್ದ. ಒಂದು ಸೋಮವಾರ ಅವನು ಕಾಗದಗಳ ಜೊತೆ ಹೊಸದಾಗಿ ಒಯ್ದಿದ್ದ ಒಂದು ಚೀಲವನ್ನೂ ಒಳಮಗ್ಗುಲು ತಿರುಗಿಸಿ ತಂದ.

"ಇದರೊಳಗೆ ಏನೋ ಒತ್ತುತ್ತೆ ನೋಡಮ್ಮ," ಎಂದ ಸಂಕೋಚದಿಂದ. "ನನ್ನ ಕಾಲೇ ನಾಜೂಕಾಗಿದೆಯೋ ಏನೋ."

ಸೊಸೆ ಬೆರಳಾಡಿಸಿದಳು. ಮೆಣಸಿನ ಕಾಳಿನಷ್ಟು ಒಂದು ಗಂಟು. ಅವಳ ಮುಖ ಸಣ್ಣದಾಯಿತು. ಅವನ ಎದುರಿಗೇ ಅದೇ ಅಳತೆಯ ಇನ್ನೊಂದು ಹೆಣೆಸಿದಳು. ಅದರಲ್ಲಿ ಗಂಟು ಬೇರೆ ಕಡೆ. ಮೂರನೆಯದರಲ್ಲಿ ಎರಡು. ಯಂತ್ರ ಲೆಕ್ಕ ತಪ್ಪುತ್ತಿತ್ತು, ತಪ್ಪುವುದರಲ್ಲೂ ಒಂದು ನೇಮವಿರಲಿಲ್ಲ.

ಅತ್ತೆ ಹಣೆಗೆ ಟಾರ್ಚು ಕಟ್ಟಿಕೊಂಡು ಬಂದರು. ಚಿಪ್ಪನ್ನು ಎರಡು ಬೆರಳಲ್ಲಿ ಎಬ್ಬಿಸಿ ಹಿಂದಿನ ಕೋಣೆಗೆ ಒಯ್ದು, ತಾವೇ ಯಾವ ಕಾಲದಲ್ಲೋ ಮಾಡಿಕೊಂಡಿದ್ದ ಓದುವ ಹಲಗೆಗೆ ಸಿಕ್ಕಿಸಿ, ಹಳೆಯ ಕಂಪ್ಯೂಟರಿನಲ್ಲಿ ಒಳಗಿದ್ದ ಅಂಕಿಗಳನ್ನೆಲ್ಲ ಕೂಡಿಸಿ ನೋಡಿದರು. ಸರಿಯಾದ ಮೊತ್ತ ಎಷ್ಟು ಬರಬೇಕೆಂದು ಚಿಪ್ಪಿನ ನೆತ್ತಿಯ ಚೀಟಿಯಲ್ಲೇ ಬರೆದಿತ್ತು: ನಾಲ್ಕು ಎಂಟು ಒಂದು ಮೂರು. ಮೂರು ಸಲ ಓದಿಸಿದರೆ ಮೂರು ಬೇರೆ ಬೇರೆ ಮೊತ್ತ ಬಂತು, ಮೂರೂ ತಪ್ಪು. ಅತ್ತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ನನ್ನ ಕೈ ಮಾಡಿದ ಕೆಲಸ," ಎಂದರು.

ಎರಡು ವಾರದ ಹಿಂದೆ ಅದೇ ಪೆಟ್ಟಿಗೆಯಲ್ಲಿ ವಿದ್ಯುತ್ತನ್ನು ಹದವಾಗಿಡುವ, ಊದಿಹೋದ ಒಂದು ಕೆಪಾಸಿಟರ್ ತೆಗೆದು ಹೊಸದು ಹಾಕಿದ್ದರು. "ಆವತ್ತು ಕೈ ಒಂದು ಸಲ ಅದುರಿತು. ಕಾದ ಬೆಸುಗೆ ಕಡ್ಡಿ ಈ ಚಿಪ್ಪಿನ ಕಾಲಿಗೆ ತಗುಲಿತು. ಗೊತ್ತಾಯ್ತು ನಂಗೆ. ಏನೂ ಆಗಿಲ್ಲ ಅಂತ ಸುಮ್ಮನಾದೆ. ಮೂವತ್ತೊಂದು ವರ್ಷದಲ್ಲಿ ಒಂದು ಚಿಪ್ಪು ಸುಟ್ಟವಳಲ್ಲ ನಾನು."

"ಒಂದು ಸಲ ತಗುಲಿದ್ರೆ ಏನಾಗುತ್ತೆ ಅತ್ತೆ," ಎಂದಳು ಸೊಸೆ, ಸಮಾಧಾನಕ್ಕೆ. ಅವಳಿಗೆ ಅದರ ತಲೆಬುಡ ಗೊತ್ತಿರಲಿಲ್ಲ.

"ಇದೊಂದು ಕೆಲಸ ಸರಿ ಮಾಡಿ ಮುಗಿಸ್ತೀನಿ. ಆಮೇಲೆ ಕೈ ಹಾಕಲ್ಲ."

ಬಾಯಿಮಾತು ಎಂದುಕೊಂಡಳು ಸೊಸೆ. ಆದರೆ ಅತ್ತೆ ಹೊರಗೆ ಬಂದು ಅಂಚೆಯಣ್ಣನಿಗೆ, "ಯಂತ್ರ ನಾನೇ ಕೆಡಿಸಿದೆ. ಗುರುವಾರ ಬರ್ತೀಯಲ್ಲ, ಒಂದು ಪಾರ್ಸೆಲ್ ಇರುತ್ತೆ, ಒಯ್ಯಿ," ಎಂದರು. ಎಕ್ಸ್‌ಚೇಂಜಿನಲ್ಲಿ ಜೊತೆಗಿದ್ದ ಗೆಳತಿಯೊಬ್ಬರು ಈಗ ಹೆಣ್ಣುಮಕ್ಕಳಿಗೆ ರಿಪೇರಿ ಕೆಲಸ ಕಲಿಸುವ ಶಾಲೆ ನಡೆಸುತ್ತಿದ್ದರು. ಅತ್ತೆಯ ಉಪಕರಣಗಳೆಲ್ಲ ಅಲ್ಲಿಗೆ ಹೋಗುವುದೆಂದಾಯಿತು. ಆಮೇಲೆ ಚೀಲಕ್ಕಾಗಿ ಯಾರು ಫೋನು ಮಾಡಿದರೂ ಅದೇ ಉತ್ತರ: "ಯಂತ್ರ ನಾನೇ ಕೆಡಿಸಿದೆ, ನನ್ನ ಕೈ ಹೋಯ್ತು, ಸ್ವಲ್ಪ ತಡೀರಿ." ಕೇಳಿದವರಿಗಿಂತ ಹೇಳುವವರಿಗೆ ಹೆಚ್ಚು ನೋವಾಗುತ್ತಿತ್ತು. ಸೊಸೆ ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡು, ಒಲೆಯ ಕಟ್ಟೆಯನ್ನು ಎರಡೆರಡು ಸಲ ಒರೆಸಿದಳು.

ಮಂಗಳವಾರ ಬೆಳಿಗ್ಗೆ ಅತ್ತೆ ಒಂದು ಡಬ್ಬಿಯಿಂದ ಮೂರು ಹಳೆಯ ಚಿಪ್ಪು ಹುಡುಕಿ ತೆಗೆದರು. ಅದೇ ಜಾತಿಯವು, ಎಕ್ಸ್‌ಚೇಂಜಿನ ಹಲಗೆಯಲ್ಲಿದ್ದವು. ಕೆಟ್ಟ ಚಿಪ್ಪಿನ ಬದಲಿಗೆ ಇವುಗಳಲ್ಲಿ ಒಂದನ್ನು ಹಾಕಬಹುದು. ಹೊಸ ಲೆಕ್ಕ ಬರೆಯಬೇಕಾದರೆ ಮೊದಲು ಒಳಗಿರುವ ಟೆಲಿಫೋನಿನ ಹಳೆಯ ಲೆಕ್ಕ ಅಳಿಸಬೇಕು. ಅಳಿಸುವ ಯಂತ್ರ ಈಗ ಎಲ್ಲೂ ಸಿಗುವುದಿಲ್ಲ.

"ಮಾಡ್ಕೊಂಡ್ರಾಯ್ತು," ಎಂದರು ಅತ್ತೆ. "ಬಾ ಇಲ್ಲಿ, ಹಿಡ್ಕೊಳ್ಳೋದಕ್ಕೆ ಇನ್ನೊಂದು ಕೈ ಬೇಕು."

ಯಂತ್ರ ನಿಂತ ಮೇಲೆ ಸೊಸೆಗೂ ಬೇರೆ ಕೆಲಸವಿರಲಿಲ್ಲ. ಮೊದಲ ಸಲ ಅವಳು ಆ ಹೊಸ್ತಿಲು ದಾಟಿ, ಬಟ್ಟೆ ಚೂರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸ್ಟೂಲಿನ ಮೇಲೆ ಕೂತಳು. ಅತ್ತೆ ಒಂದು ಚಿಪ್ಪನ್ನು ಅವಳ ಅಂಗೈಗೆ ಹಾಕಿದರು. ನೆತ್ತಿಯ ಮೇಲೆ ಉಗುರಿನಷ್ಟು ದುಂಡನೆಯ ಕಿಟಕಿ, ಒಳಗೆ ಚಿನ್ನದ ಬಣ್ಣದ ಚೌಕ.

"ಇದರೊಳಗೆ ಸಾವಿರಾರು ಗೂಡು ಇವೆ," ಎಂದರು. "ಬರೆಯೋದು ಅಂದ್ರೆ ಕೆಲವು ಗೂಡಿಗೆ ಚೂರು ವಿದ್ಯುತ್ತು ತುಂಬಿ ಮುಚ್ಚೋದು, ಕೆಲವನ್ನ ಖಾಲಿ ಬಿಡೋದು. ತುಂಬಿದ್ದು, ಖಾಲಿ, ಅಷ್ಟೇ ಅದಕ್ಕೆ ಗೊತ್ತಿರೋದು. ತುಂಬಿದ್ದನ್ನ ಮತ್ತೆ ಖಾಲಿ ಮಾಡಬೇಕು ಅಂದ್ರೆ ಈ ಕಿಟಕಿಯಿಂದ ಬೆಳಕು ಬೀಳಬೇಕು. ದೀಪದ ಬೆಳಕಲ್ಲ, ಅತಿನೇರಳೆ. ಕಣ್ಣಿಗೆ ಕಾಣಲ್ಲ, ಆದ್ರೆ ಕಣ್ಣನ್ನೇ ಸುಡುತ್ತೆ."

"ಅದನ್ನೆಲ್ಲಿಂದ ತರ್ತೀರಿ?"

ಅತ್ತೆ ಫ್ರಿಜ್ಜಿನ ಮೇಲಿನ ತಟ್ಟೆಗೆ ಕೈಹಾಕಿ, ಬಟ್ಟೆ ಸುತ್ತಿದ ಒಂದು ಗಾಜಿನ ಕೊಳವೆ ತೆಗೆದರು. ಕೆಟ್ಟುಹೋದ ನೀರು ಶುದ್ಧಿ ಯಂತ್ರದ ದೀಪ, ನೀರಿನ ಕ್ರಿಮಿ ಕೊಲ್ಲುವುದು. ಎರಡು ವರ್ಷದ ಹಿಂದೆ ಸೊಸೆ ಅದನ್ನು ಕಸದ ಬುಟ್ಟಿಗೆ ಹಾಕಿದ್ದಳು. ಬುಟ್ಟಿಯಿಂದ ಅದು ಇಲ್ಲಿಗೆ ಹೇಗೆ ಬಂತು ಎಂದು ಅವಳು ಕೇಳಲಿಲ್ಲ, ಅತ್ತೆಯೂ ಹೇಳಲಿಲ್ಲ.

ಆಮೇಲೆ ಎರಡು ದಿನ ಸೊಸೆ ಕಂಡದ್ದು ಬೇರೆಯೇ ಅತ್ತೆಯನ್ನು. ಕಾರ್ಡುಗಳನ್ನಿಡುವ ಒಂದು ತಗಡಿನ ಡ್ರಾಯರನ್ನು ಪೆಟ್ಟಿಗೆ ಮಾಡಿಕೊಂಡರು. ದೀಪವನ್ನು ಮುಚ್ಚಳದ ಒಳಗಡೆ ಕಟ್ಟಿ, ಚಿಪ್ಪಿಗೂ ದೀಪಕ್ಕೂ ಎರಡು ಬೆರಳಿನಷ್ಟೇ ಅಂತರ ಬರುವಂತೆ ಮರದ ಚಕ್ಕೆ ಇಟ್ಟರು. ಹೊತ್ತು ಅಳೆಯಲು ಹಳೆಯ ಬಟ್ಟೆ ಒಗೆಯುವ ಯಂತ್ರದ ಕೀಲಿ ಗುಂಡಿ. ಅದನ್ನು ತಿರುವಿದರೆ ಟಿಕಟಿಕ ಎನ್ನುತ್ತ ಇಪ್ಪತ್ತು ನಿಮಿಷಕ್ಕೆ ತಾನೇ ನಿಲ್ಲುತ್ತಿತ್ತು. ಅತ್ತೆ ಆತುರಪಡಲಿಲ್ಲ. ಒಂದು ತಿರುಪು ಬಿಗಿಯುವ ಮೊದಲು ಅದನ್ನು ಬೆರಳ ತುದಿಯಲ್ಲಿ ಹೊರಳಿಸಿ ನೋಡುತ್ತಿದ್ದರು. ಬಿಗಿದ ಮೇಲೆ ಒಮ್ಮೆ ಎಳೆದು, ಒಪ್ಪಿಗೆಯಾದರೆ ಮೂಗಿನಲ್ಲಿ ಒಂದು ಸಣ್ಣ ಸದ್ದು ಮಾಡುತ್ತಿದ್ದರು. ಬೆಸುಗೆ ಹಾಕುವಾಗ ಮಾತ್ರ ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು, ಕಳ್ಳನನ್ನು ಹಿಡಿದವರ ಹಾಗೆ. ಅಷ್ಟು ಹಿಡಿಯುವ ಅಗತ್ಯವೇ ಇರಲಿಲ್ಲ. ಆ ಕೈ ಅದುರುತ್ತಿರಲಿಲ್ಲ, ಅದನ್ನು ಅತ್ತೆ ನಂಬುತ್ತಿರಲಿಲ್ಲ ಅಷ್ಟೇ.

"ಯಾರಾದ್ರೂ ಮುಚ್ಚಳ ತೆಗೆದ್ರೆ?" ಎಂದು ಕೇಳಿದಳು.

"ಅದಕ್ಕೇ ಇದು," ಎಂದು ಅತ್ತೆ ಫ್ರಿಜ್ಜಿನ ಮೂಲೆಯಿಂದ ಒಂದು ಒತ್ತುಗುಂಡಿ ಬಿಚ್ಚಿದರು. ಬಾಗಿಲು ತೆರೆದರೆ ಒಳಗಿನ ದೀಪ ಹತ್ತಿಸುವ ಗುಂಡಿ. ಅದರ ತಂತಿಯನ್ನು ಉಲ್ಟಾ ಮಾಡಿ ಕಟ್ಟಿದ ಮೇಲೆ, ಮುಚ್ಚಳ ಕೂದಲೆಳೆಯಷ್ಟು ಎದ್ದರೂ ದೀಪ ಆರುತ್ತಿತ್ತು. ಬಾಗಿಲಿಲ್ಲದ ಫ್ರಿಜ್ಜಿಗೂ ಕೊನೆಗೆ ಒಂದು ಕೆಲಸ ಸಿಕ್ಕಿತು.

ಇನ್ನೂ ಒಂದು ಪರೀಕ್ಷೆ ಉಳಿದಿತ್ತು. ಹಾಡುಹಗಲಲ್ಲೇ ಪರದೆ ಎಳೆದು ಕೋಣೆ ಕತ್ತಲು ಮಾಡಿಸಿದರು. ದೀಪ ಹತ್ತಿಸಿ, ದೂರ ನಿಂತು, ಉದ್ದ ಕೋಲಿನ ತುದಿಗೆ ಒಂದು ಬಿಳಿ ಕಾಗದ ಸಿಕ್ಕಿಸಿ ಪೆಟ್ಟಿಗೆಯ ಅಂಚಿನುದ್ದಕ್ಕೂ ಆಡಿಸಿದರು. ಒಂದು ಮೂಲೆಯಲ್ಲಿ ಕಾಗದ ಇದ್ದಕ್ಕಿದ್ದಂತೆ ತಿಳಿನೀಲಿಯಾಗಿ ಹೊಳೆಯಿತು.

"ಅಲ್ಲಿ ಸೋರ್ತಿದೆ," ಎಂದರು. "ನಮಗೆ ಕಾಣಲ್ಲ, ಕಾಗದಕ್ಕೆ ಕಾಣುತ್ತೆ."

ಸೊಸೆ ಬಾಯಿ ತೆರೆದವಳು ಮುಚ್ಚಲಿಲ್ಲ. ಕಣ್ಣಿಗೆ ಕಾಣದ್ದನ್ನು ಒಂದು ಕಾಗದ ಹಿಡಿದು ಹುಡುಕುವ ಹೆಂಗಸನ್ನು ತಾನು ಇಷ್ಟು ವರ್ಷ ಗುಜರಿಯವಳು ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಸಂದಿಗೆ ಕಪ್ಪು ಬಟ್ಟೆಯ ಪಟ್ಟಿ ಅಂಟಿಸುವ ಕೆಲಸ ಅವಳೇ ಕೇಳಿ ತೆಗೆದುಕೊಂಡಳು.

ಕೇಳಿ ತೆಗೆದುಕೊಂಡದ್ದು ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಚಿಪ್ಪುಗಳ ಮೇಲೆ ಧೂಳು ಕೂರಬಾರದೆಂದು, ಅತ್ತೆ ಊಟಕ್ಕೆ ಎದ್ದಾಗ, ಫೋಟೋ ಚೌಕಟ್ಟಿನ ಒಂದು ಗಾಜನ್ನು ತಳತಳ ತೊಳೆದು ಅವುಗಳ ಮೇಲೆ ಮುಚ್ಚಿಟ್ಟಳು. ಇಪ್ಪತ್ತು ನಿಮಿಷ ಟಿಕಟಿಕ ಮುಗಿಯಿತು. ಓದಿಸಿದರೆ ಟೆಲಿಫೋನಿನ ಲೆಕ್ಕ ಒಂದಂಕಿ ಕದಲದೆ ಕೂತಿತ್ತು. ಅತ್ತೆ ಮತ್ತೆ ಇಪ್ಪತ್ತು ನಿಮಿಷ ಇಟ್ಟರು. ಮತ್ತೂ ಅದೇ. ದೀಪ ಸತ್ತಿದೆಯೇನೋ ಎಂದು ಮುಚ್ಚಳ ಬಿಚ್ಚಲು ಹೋದವರ ಕಣ್ಣಿಗೆ ಗಾಜು ಬಿತ್ತು.

"ಇದು ಯಾರ ಕೆಲಸ?"

"ಧೂಳು ಬೀಳಬಾರ್ದಲ್ಲ ಅಂತ..."

ಅತ್ತೆ ನಕ್ಕುಬಿಟ್ಟರು, ಮೂರು ದಿನದಲ್ಲಿ ಮೊದಲ ಸಲ. "ಗಾಜು ನಮ್ಮ ಕಣ್ಣಿಗೆ ಇಲ್ಲದ ಹಾಗೆ. ಈ ಬೆಳಕಿಗೆ ಅದು ಗೋಡೆ ಕಣೆ. ಚಿಪ್ಪಿನ ಕಿಟಕಿ ಬೇರೆ ಥರದ್ದು, ಅದರಲ್ಲಿ ಮಾತ್ರ ತೂರುತ್ತೆ."

ಗಾಜು ತೆಗೆದು ಇಟ್ಟ ಇಪ್ಪತ್ತು ನಿಮಿಷಕ್ಕೆ ಮೂರೂ ಚಿಪ್ಪು ಹಸುಗೂಸಿನಷ್ಟು ಖಾಲಿಯಾಗಿದ್ದವು. ಅತ್ತೆ ಕಂಪ್ಯೂಟರ್ ಪರದೆಯ ಮೇಲಿನ ಸಾಲುಗಳನ್ನು ಮೇಲಿಂದ ಕೆಳಗೆ ನೋಡಿ, ಮೂಗಿನಲ್ಲಿ ಆ ಸಣ್ಣ ಸದ್ದು ಮಾಡಿದರು. ಎಕ್ಸ್‌ಚೇಂಜಿನ ಎಷ್ಟೋ ವರ್ಷದ ಕೆಲಸ ಅಳಿಸಿಹೋಗಿತ್ತು. ಆಮೇಲೆ ಕಪ್ಪು ಟೇಪು ಕತ್ತರಿಸಿ ಒಂದೊಂದರ ಕಿಟಕಿಗೂ ಅಂಟಿಸತೊಡಗಿದರು.

"ಅದ್ಯಾಕೆ?" ಎಂದಳು ಸೊಸೆ. "ದೀಪ ಆರಿಸಿದೀವಲ್ಲ."

"ಈ ಬೆಳಕು ಬಿಸಿಲಲ್ಲೂ ಚೂರು ಇರುತ್ತೆ. ಇಪ್ಪತ್ತು ನಿಮಿಷಕ್ಕಲ್ಲ, ದಿನಗಟ್ಟಲೆ, ವಾರಗಟ್ಟಲೆ ಬಿದ್ರೆ ನಿಧಾನವಾಗಿ ಮರೆಸುತ್ತೆ. ಅದಕ್ಕೇ ಬರೆದ ಮೇಲೆ ಕಿಟಕಿಯನ್ನ ಯಾವತ್ತೂ ಬರಿದು ಬಿಡಬಾರದು."

ಸೊಸೆ ತಿರುಗಿ ಮುಂದಿನ ಕೋಣೆಯ ಹೆಣಿಗೆ ಯಂತ್ರದ ಕಡೆ ನೋಡಿದಳು.

ಕಳೆದ ಬೇಸಿಗೆ ಅವಳು ಯಂತ್ರದ ಹೊರಮೈ ಒರೆಸಿ ಸಾಲದೆ, ನಿಯಂತ್ರಣ ಪೆಟ್ಟಿಗೆಯ ಮುಚ್ಚಳವನ್ನೂ ತೆಗೆದಿದ್ದಳು. ಒಳಗೆ ಒಂದು ಕರಿ ಹುಳದಂಥ ವಸ್ತುವಿನ ಮೇಲೆ ಎಣ್ಣೆ ಹಿಡಿದ, ಮೂಲೆ ಸುರುಳಿಗೊಂಡ ಚೀಟಿ. ಅಂಥದ್ದನ್ನು ಕಂಡು ಸುಮ್ಮನಿರುವುದು ಅವಳ ಜಾತಕದಲ್ಲೇ ಇರಲಿಲ್ಲ. ಕಿತ್ತಳು. ಅಂಟನ್ನೆಲ್ಲ ಸ್ಪಿರಿಟ್ ಹಚ್ಚಿ ಉಜ್ಜಿದಳು. ಕೆಳಗೆ ಮುದ್ದಾದ, ಗಾಜಿನಂಥ ಕಿಟಕಿ ಕಂಡು ಖುಷಿಪಟ್ಟಳು. ಸೆಕೆಗೆ ಯಂತ್ರಕ್ಕೂ ಗಾಳಿಯಾಡಲಿ ಎಂದು ಮುಚ್ಚಳ ಹಾಕಲೇ ಇಲ್ಲ. ಸುಮಾರು ಆರು ವಾರ. ಮಳೆಗಾಲ ಬರುತ್ತದೆ, ಮುಚ್ಚಬೇಕು ಎಂದಾಗ, ಎತ್ತಿಟ್ಟಿದ್ದ ಹಳೆಯ ಚೀಟಿ ನೋಡಿ ಅದರಲ್ಲಿದ್ದ ಅಂಕಿಯನ್ನು ಹೊಸ ಬಿಳಿ ಚೀಟಿಗೆ ದುಂಡಗೆ ಬರೆದು, ಅಂಚು ನೇರ ಮಾಡಿ ಅಂಟಿಸಿದಳು. ಇಡೀ ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಯಾರಿಗೂ ಗೊತ್ತೇ ಆಗಲಿಲ್ಲ.

ಬುಧವಾರದ ಉಳಿದ ಹೊತ್ತು ಅವಳ ಬಾಯಿಗೆ ಬೀಗ. ಹೇಳಬೇಕೆಂದು ಮೂರು ಸಲ ಹೊಸ್ತಿಲವರೆಗೆ ಹೋಗಿ ವಾಪಸು ಬಂದಳು. ಹನ್ನೊಂದು ವರ್ಷ ಬೇರೆಯವರ ಕಸಕ್ಕೆ ಮೂಗು ಮುರಿದವಳು, ನಲವತ್ತೊಂದು ಜನರ ಕಾಲು ಕಟ್ಟಿಹಾಕಿದ್ದು ತನ್ನ ಚೊಕ್ಕಟತನವೇ ಎಂದು ಹೇಗೆ ಹೇಳುವುದು? ಬೈಗುಳಕ್ಕೆ ಅವಳು ಹೆದರಲಿಲ್ಲ. ಅತ್ತೆ ಬೈಯುವವರಲ್ಲ, ಅದೇ ಕಷ್ಟ.

ಗುರುವಾರ ಬೆಳಿಗ್ಗೆ ಕಾಫಿ ಒಯ್ದಾಗ ಅತ್ತೆ ನೆಲದ ಮೇಲೆ ಕೂತು ಉಪಕರಣ ಕಟ್ಟುತ್ತಿದ್ದರು. ಬೆಸುಗೆ ಕಡ್ಡಿಯನ್ನು ತಮ್ಮ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಬಿಚ್ಚಿ, ಇನ್ನೊಂದು ಸಲ ಸುತ್ತಿದರು. ಪಕ್ಕದಲ್ಲಿ ಒಬ್ಬ ಗಿರಾಕಿಯ ಹಳೆಯ ಚೀಲ ಬಿಚ್ಚಿ ಹರಡಿತ್ತು. ಕುಣಿಕೆ ಎಣಿಸಿ, ಲೆಕ್ಕವನ್ನೆಲ್ಲ ಹೊಸದಾಗಿ ಬರೆಯುವ ಯೋಚನೆ. ಒಂದು ಅಳತೆಗೆ ಒಂದು ವಾರ, ಹದಿನೆಂಟು ಅಳತೆಗೆ ನಾಲ್ಕು ತಿಂಗಳು.

"ಎಣಿಸೋದಕ್ಕೆ ಕೈ ನಡುಗಿದ್ರೂ ನಡೆಯುತ್ತೆ," ಎಂದರು ಅತ್ತೆ, ತಮಾಷೆಯೆಂಬಂತೆ.

ಸೊಸೆ ಲೋಟ ಕೆಳಗಿಟ್ಟಳು. ಒಂದೇ ಉಸಿರಿನಲ್ಲಿ ಹೇಳಿದಳು: ಚೀಟಿ, ಸ್ಪಿರಿಟ್, ತೆರೆದ ಮುಚ್ಚಳ, ಆರು ವಾರ.

ಅತ್ತೆ ಅವಳನ್ನೇ ನೋಡಿದರು. ಮುಖದಲ್ಲಿ ಸಿಟ್ಟಿಲ್ಲ, ಇದ್ದದ್ದು ಮರುಕ. "ನನ್ನ ಸಮಾಧಾನಕ್ಕೆ ಹೇಳ್ತಿದೀಯ."

"ನಾನು ಅಷ್ಟು ಒಳ್ಳೆಯವಳಲ್ಲ ಅತ್ತೆ."

"ನಿನ್ನೆ ನಾನೇ ಹೇಳಿಕೊಟ್ಟದ್ದು, ಇವತ್ತು ನಂಗೇ ಕಥೆ ಮಾಡಿ ಹೇಳ್ತಿದೀಯ. ಆ ಕೋಣೆಯ ಕಿಟಕಿಗೆ ಗಾಜಿದೆ. ಗಾಜು ದಾಟಿ ಬಂದ ಬಿಸಿಲಿಗೆ ಆರು ವಾರದಲ್ಲಿ ಏನೂ ಆಗಲ್ಲ."

"ಕಿಟಕಿಯ ಗಾಜಿನ ಬಾಗಿಲು ತೆರೆದಿರ್ತಿತ್ತು. ನಾನೇ ತೆಗೀತಿದ್ದೆ. ಸಂಜೆ ಮುಂದೆ ಅರ್ಧ ಗಂಟೆ ಬಿಸಿಲು ನೇರ ಯಂತ್ರದ ಮೇಲೇ ಬೀಳುತ್ತೆ. ಚೀಟಿ ನೋಡಿ, ಅದು ನನ್ನ ಅಕ್ಷರ."

ಅತ್ತೆ ಭೂತಗನ್ನಡಿ ಹಿಡಿದು ಚೀಟಿ ನೋಡಿದರು. ನಾಲ್ಕು ಎಂಟು ಒಂದು ಮೂರು. ಮೂರರ ಬಾಲವನ್ನು ಸುರುಳಿ ಮಾಡುವುದು ಆ ಮನೆಯಲ್ಲಿ ಒಬ್ಬಳೇ. ಆದರೂ ತಲೆಯಾಡಿಸಿದರು. "ಚೀಟಿ ನೀನು ಬದಲಾಯಿಸಿರಬಹುದು. ಬಿಸಿಲಿಂದಲೇ ಮರೀತು ಅಂತಲ್ಲ. ಕೆಟ್ಟದ್ದು ನಾನು ಕೈ ಹಾಕಿದ ಮೇಲೇ."

ಅಷ್ಟು ಹೇಳಿದವರು ಅಲ್ಲೇ ನಿಂತರು. ಅವರ ಕಣ್ಣು ಚಿಪ್ಪಿನ ಮೇಲೇ ಇತ್ತು. ಆಮೇಲೆ ಸೊಸೆಗಿಂತ ಹೆಚ್ಚಾಗಿ ತಮಗೇ ಹೇಳಿಕೊಳ್ಳುವಂತೆ ನಿಧಾನವಾಗಿ ಅಂದರು, "ಕಡ್ಡಿ ಸುಟ್ಟಿದ್ರೆ ಸುಟ್ಟಿತು, ಏನು ಮಾಡಿದ್ರೂ ಬರಲ್ಲ. ಬಿಸಿಲಾದ್ರೆ, ಗೂಡು ಪೂರ್ತಿ ಖಾಲಿಯಾಗಿರಲ್ಲ. ಅರ್ಧ ಸೋರಿರುತ್ತೆ. ಐದು ವೋಲ್ಟ್ ಕೊಟ್ಟು ಓದಿದ್ರೆ ಅರ್ಧ ತುಂಬಿದ್ದು ಖಾಲಿ ಹಾಗೆ ಕಾಣುತ್ತೆ. ಕಡಿಮೆ ಕೊಟ್ಟು ಓದಿದ್ರೆ, ತುಂಬಿದೆ ಅಂತ ಗೊತ್ತಾಗುತ್ತೆ."

"ಹಾಗಾದ್ರೆ ಓದಿ."

ಅತ್ತೆ ಓದುವ ಹಲಗೆಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಅವರ ಬೆರಳು ವಿದ್ಯುತ್ತು ಹೆಚ್ಚುಕಡಿಮೆ ಮಾಡುವ ಗುಂಡಿಯ ಮೇಲಿತ್ತು. ಐದಕ್ಕೆ ಮೊತ್ತ ತಪ್ಪು. ನಾಲ್ಕೂಮುಕ್ಕಾಲಕ್ಕೆ ತಪ್ಪು. ನಾಲ್ಕೂವರೆಗೂ ತಪ್ಪೇ. ಸೊಸೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿಯುತ್ತಿದ್ದಳು. ತಪ್ಪು ತನ್ನದಾಗದಿರಲಿ ಎಂದು ಬೇಡಿಕೊಳ್ಳುವವರನ್ನು ನೋಡಿದ್ದೇವೆ. ಅವಳು ಅಲ್ಲಿ ನಿಂತು, ತಪ್ಪು ನನ್ನದೇ ಆಗಿರಲಿ, ನನ್ನದೇ ಆಗಿರಲಿ ಎಂದು ಬೇಡಿಕೊಂಡಳು. ಜೀವನದಲ್ಲಿ ಯಾವುದನ್ನೂ ಅಷ್ಟು ಆಸೆಯಿಂದ ಬೇಡಿರಲಿಲ್ಲ.

ನಾಲ್ಕೂಕಾಲು ವೋಲ್ಟಿಗೆ ಪರದೆಯ ಮೇಲೆ ಬಂದದ್ದು: ನಾಲ್ಕು ಎಂಟು ಒಂದು ಮೂರು.

ಅತ್ತೆ ಮತ್ತೆ ಓದಿಸಿದರು. ಅದೇ. ಹತ್ತು ಸಲ ಓದಿಸಿದರು. ಹತ್ತು ಸಲವೂ ಅದೇ. ಗುಂಡಿಯಿಂದ ಕೈ ತೆಗೆದು ಕುರ್ಚಿಯ ಬೆನ್ನಿಗೆ ಒರಗಿದರು.

"ಅಯ್ಯೋ ನನ್ನ ಬುದ್ಧಿಯೇ," ಎಂದರು. "ಹಳೇ ಕೆಪಾಸಿಟರ್ ಊದಿಕೊಂಡಿತ್ತಲ್ಲ, ಯಂತ್ರಕ್ಕೆ ವಿದ್ಯುತ್ತು ಕಡಿಮೆ ಬರ್ತಿತ್ತು. ಕಡಿಮೆ ಬಂದಿದ್ದಕ್ಕೇ ಚಿಪ್ಪು ಸರಿಯಾಗಿ ಓದ್ತಿತ್ತು. ನಾನು ಹೊಸದು ಹಾಕಿ ಪೂರ್ತಿ ಐದು ಕೊಟ್ಟೆ. ಆವಾಗ ನಿನ್ನ ಆರು ವಾರದ ಬಿಸಿಲು ಬಯಲಿಗೆ ಬಂತು."

"ಹಾಗಂದ್ರೆ?"

"ಹಾಗಂದ್ರೆ ನನ್ನ ಬೆಸುಗೆ ಚೆನ್ನಾಗೇ ಇತ್ತು." ಅತ್ತೆ ಅವಳ ಕಡೆ ತಿರುಗಿದರು. ಕಣ್ಣು ತುಂಬಿತ್ತು, ಮುಖ ಮೂವತ್ತು ವರ್ಷ ಚಿಕ್ಕದಾಗಿತ್ತು. "ನೀನೇ ಕಣೆ ಕೆಡಿಸಿದ್ದು."

ಯಾರೂ ಯಾರನ್ನೂ ಅಷ್ಟು ಸಂತೋಷದಿಂದ ದೂರಿರಲಾರರು. ಸೊಸೆಗೆ ಅಳುವೂ ಬಂತು, ನಗುವೂ ಬಂತು. ಅಳುತ್ತಲೇ, "ಹೌದು ಅತ್ತೆ, ನಾನೇ," ಎಂದಳು.

"ಇನ್ನೊಂದ್ಸಲ ಹೇಳು."

"ನಾನೇ ಕೆಡಿಸಿದ್ದು."

ಸಿಕ್ಕ ಲೆಕ್ಕವನ್ನು ಖಾಲಿ ಚಿಪ್ಪೊಂದಕ್ಕೆ ಬರೆಯಲು ಎಂಟೇ ನಿಮಿಷ ಹಿಡಿಯಿತು. ಅತ್ತೆ ಈ ಸಲ ಮಣಿಕಟ್ಟು ಹಿಡಿದುಕೊಳ್ಳದೆ ಅದನ್ನು ಯಂತ್ರಕ್ಕೆ ಒತ್ತಿ ಕೂರಿಸಿದರು. ಹೆಣಿಗೆಯ ಸೂಜಿಗಳು ಸುತ್ತು ಹೊಡೆದವು. ಮೊದಲ ಚೀಲ ಇಳಿದಾಗ ಸೊಸೆ ಒಳಗೆ ಕೈ ತೂರಿಸಿ, ಕಣ್ಣು ಮುಚ್ಚಿ, ಮೇಲಿಂದ ತುದಿಯವರೆಗೆ ಬೆರಳಾಡಿಸಿದಳು. ಎಲ್ಲೂ ಏನೂ ತಡೆಯಲಿಲ್ಲ.

ಮಧ್ಯಾಹ್ನ ಅಂಚೆಯಣ್ಣ ಬಂದು, ಒಳಗಿನ ಕುರ್ಚಿಯಲ್ಲಿ ಕೂತು ಅದನ್ನು ಹಾಕಿಕೊಂಡು, ಮೇಲೆ ಕಾಲು ತೊಟ್ಟು, ಪಡಸಾಲೆಯಲ್ಲಿ ಎರಡು ಸುತ್ತು ನಡೆದ. ಬಾಗಿಲ ಮೆಟ್ಟಿಲು ಇಳಿದು ಹತ್ತಿದ.

"ಹೇಗಿದೆ?" ಎಂದಳು ಸೊಸೆ.

"ಏನೂ ಇಲ್ಲ," ಎಂದ ಅವನು. ಆ ಚೀಲಕ್ಕೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇರೆಯಿಲ್ಲ. "ಪಾರ್ಸೆಲ್ ಅಂದಿದ್ರಲ್ಲ, ಎಲ್ಲಿದೆ?"

"ಪಾರ್ಸೆಲ್ಲೂ ಇಲ್ಲ ಏನೂ ಇಲ್ಲ," ಎಂದರು ಅತ್ತೆ. "ಆವತ್ತು ನಾನು ಹೇಳಿದ್ದು ಸುಳ್ಳಾಯ್ತಪ್ಪ. ಯಂತ್ರ ಕೆಡಿಸಿದ್ದು ನಾನಲ್ಲ, ಇವಳು."

ಅವನೊಬ್ಬನಿಗೆ ಹೇಳಿ ಅವರಿಗೆ ತೃಪ್ತಿಯಾಗಲಿಲ್ಲ. ಫೋನಿನ ಹತ್ತಿರ ಕುರ್ಚಿ ಎಳೆದುಕೊಂಡು, ಗಿರಾಕಿಗಳ ಪುಸ್ತಕವನ್ನು ಸೊಸೆಯ ಕೈಗೆ ಕೊಟ್ಟರು. ಅವಳು ಒಂದೊಂದೇ ನಂಬರು ಓದಿ ಹೇಳುವುದು, ಅತ್ತೆ ಒತ್ತುವುದು. "ಯಂತ್ರ ಸರಿಯಾಯ್ತು. ಕೆಡಿಸಿದ್ದು ನನ್ನ ಸೊಸೆ. ಬಿಸಿಲಿಗೆ ಬಿಟ್ಟಿದ್ಲು. ನನ್ನ ಕೈಗೆ ಏನೂ ಆಗಿಲ್ಲ." ಪ್ರತಿಯೊಬ್ಬರಿಗೂ ಅದೇ ಮಾತು, ಅದೇ ಉತ್ಸಾಹ. ಅತ್ತೆ ಅವಳ ಮೇಲೆ ಊರಿಗೆಲ್ಲ ಹೇಳಿದ ಮೊದಲ ದೂರು ಅದು. ಸೊಸೆ ಪಕ್ಕದಲ್ಲೇ ಕೂತು, ಎಲ್ಲ ದೂರನ್ನೂ ತಲೆಯಾಡಿಸುತ್ತ ಕೇಳಿದಳು. ಅಷ್ಟು ಹಿತವಾದ ಮಧ್ಯಾಹ್ನ ಅವಳಿಗೆ ಆ ಮನೆಯಲ್ಲಿ ಸಿಕ್ಕಿರಲಿಲ್ಲ.

ಇಪ್ಪತ್ತನೆಯದೋ ಇಪ್ಪತ್ತೊಂದನೆಯದೋ ಫೋನಿನಲ್ಲಿ ಆ ಕಡೆಯ ಹೆಂಗಸು, ಸೊಸೆಗೆ ಚೆನ್ನಾಗಿ ಬೈದಿರಾ ಎಂದು ಕೇಳಿರಬೇಕು.

"ಯಾಕೆ ಬೈಯಲಿ?" ಎಂದರು ಅತ್ತೆ. ಅವರ ದನಿ ಇಳಿಯಿತು. "ಅವಳಾಗೇ ಬಂದು ಹೇಳಿದ್ಲು. ಬಾಯಿ ಮುಚ್ಚಿಕೊಂಡಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ನಾನು ಸಾಯೋತನಕ ನನ್ನ ಕೈಯನ್ನ ನಂಬ್ತಿರಲಿಲ್ಲ."

ಫೋನು ಇಟ್ಟು ಅತ್ತೆ ಮುಂದಿನ ನಂಬರಿಗೆ ಬೆರಳು ಎತ್ತಿಕೊಂಡು ಕಾದರು. ಸೊಸೆ ಪುಸ್ತಕ ನೋಡುತ್ತಲೇ ಇದ್ದಳು. ಸೊಂಟದ ಬಟ್ಟೆ ಚೂರಿನಿಂದ ಒಮ್ಮೆ ಕಣ್ಣು ಒರೆಸಿಕೊಂಡು, ನಂಬರು ಓದಿ ಹೇಳಿದಳು.